ಬೂದಿಯಲ್ಲಿಟ್ಟ ಬ್ಲಾಕ್

ಕುಕ್ಕಪ್ಪ ಗೌಡರು ತೀರಿಕೊಂಡಾಗ ಅವರ ಹಳೆಯ ಬುಲೆಟ್ ಬೈಕಿನ ಬ್ಲಾಕ್ ಬೂದಿಯೊಳಗಿತ್ತು. ಬೂದಿಗುಂಡಿಯ ಪಕ್ಕದಲ್ಲೇ ಮರದ ಸ್ಟೂಲಿನ ಮೇಲೆ, ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ಅವರು ಕೂತಿದ್ದರು. ಕಾಫಿಯ ಲೋಟ ಕೈಯಲ್ಲೇ ಇತ್ತು. ಕಾಫಿ ಚೆಲ್ಲಿರಲಿಲ್ಲ. ಹೆಂಡತಿ ದೇವಮ್ಮಕ್ಕ ಎರಡು ಸಲ ಊಟಕ್ಕೆ ಕರೆದು, ಉತ್ತರ ಬಾರದಿದ್ದಾಗ, ಎಂಜಿನ್ನಿನ ಧ್ಯಾನದಲ್ಲಿದ್ದಾರೆ ಎಂದುಕೊಂಡು ಒಳಗೆ ಹೋದರಂತೆ. ಆ ಮನೆಯಲ್ಲಿ ಅದು ಹೊಸತಲ್ಲ.

ಪಂಜ ಊರಿನ ಆ ಮನೆಯಲ್ಲಿ ಅಂದಿನಿಂದ ಸೂತಕ ಕಳೆದ ದಿನದವರೆಗೆ ನಡೆದದ್ದನ್ನು ಬರೆದಿಡುತ್ತಿದ್ದೇನೆ. ನಾನು ಬೆಟ್ಟಂಪಾಡಿಯ ಭಟ್ಟ, ಪುತ್ತೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಪ್ರೇತದ ಕತೆಗಳನ್ನು ಬೇಕಾದಷ್ಟು ಓದಿದ್ದೇನೆ, ಬೇರೆಯವರಿಗೆ ಓದಲು ಕೊಟ್ಟಿದ್ದೇನೆ. ನಂಬಿದವನಲ್ಲ. ಈಗ ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ಗೆಳೆಯರು ಹೋದ ಮೇಲೆ ಅವರ ವಿಷಯ ಮಾತಾಡುವುದಕ್ಕೆ ಜನ ಸಿಗುವುದಿಲ್ಲ. ಎಲ್ಲರೂ ಒಂದು ವಾರ ಮಾತಾಡಿ ಸುಮ್ಮನಾಗುತ್ತಾರೆ.

ಗೌಡರು ಕೊಯಿಲದ ಸರಕಾರಿ ಜಾನುವಾರು ಕ್ಷೇತ್ರದಲ್ಲಿ ಟ್ರ್ಯಾಕ್ಟರ್ ತೊಳೆಯುವ ಕೆಲಸಕ್ಕೆ ಸೇರಿ, ಚಾಲಕರಾಗಿ ನಿವೃತ್ತರಾದವರು. ಹೆಸರಿಗೆ ಚಾಲಕ, ನಿಜವಾಗಿ ಅಲ್ಲಿ ತಿರುಗುವ ಯಂತ್ರಗಳಿಗೆಲ್ಲ ಅವರೇ ವೈದ್ಯರು. ಹುಲ್ಲು ಕತ್ತರಿಸುವ ಮಿಷನ್, ನೀರಿನ ಪಂಪು, ಹಾಲಿನ ವ್ಯಾನು, ಯಾವುದು ನಿಂತರೂ ಮೊದಲು ಉದ್ದದ ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಅದರ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ತಮ್ಮ ಕಿವಿಯ ಎಲುಬಿಗೂ ಒತ್ತಿ, ಕಣ್ಣು ಮುಚ್ಚಿ ಕೇಳುವುದು. ಒಮ್ಮೆ ಪಶುವೈದ್ಯರು ರಜೆಯಲ್ಲಿದ್ದಾಗ, ಮೇವು ಬಿಟ್ಟ ಹಸುವಿನ ಹೊಟ್ಟೆಗೂ ಹಾಗೇ ಹಿಡಿದು, "ಟೈಮಿಂಗ್ ತಪ್ಪಿದೆ ಮಾರಾಯ್ರೆ, ವಾಲ್ವ್ ಬಿಡಿಸ್ಬೇಕು" ಎಂದರಂತೆ. ಆ ಹಸು ಮರುದಿನ ಸರಿಯಾಯಿತು ಎಂದು ಹೇಳಿಕೊಳ್ಳುವಾಗ ಅವರಿಗೇ ನಗು ತಡೆಯುತ್ತಿರಲಿಲ್ಲ.

ಬುಲೆಟ್ ಅವರಿಗೆ ಬಂದದ್ದು ಕ್ಷೇತ್ರದಲ್ಲಿದ್ದ ಒಬ್ಬ ಪಶುವೈದ್ಯರಿಂದ. ಅವರು ವರ್ಗವಾಗಿ ಹೋಗುವಾಗ ಕೊಟ್ಟುಹೋದ ಗಾಡಿ ಅದು, ಗೌಡರಿಗಿಂತ ಎರಡೇ ವರ್ಷ ಚಿಕ್ಕದು. ಮೂವತ್ತು ವರ್ಷ ಅದನ್ನು ಓಡಿಸಿದರು. ಬಿಡಿಭಾಗ ಹೊಸತು ಹಾಕುವುದೆಂದರೆ ಆಗದು. ಇದ್ದದ್ದನ್ನೇ ಕಟ್ಟಿ, ಬೆಸೆದು, ಉಜ್ಜಿ ಕೂರಿಸಬೇಕು.

ಈ ವರ್ಷ ತುಳುವರ ಮಾಯಿ ತಿಂಗಳ, ಅಂದರೆ ಫೆಬ್ರವರಿ ಮಾರ್ಚಿನ ಬಿಸಿಲಿನಲ್ಲಿ ಸುಬ್ರಹ್ಮಣ್ಯದಿಂದ ಬರುವಾಗ ಏರಿನಲ್ಲಿ ಗಾಡಿ ಕೂಗಿ ನಿಂತಿತು. ಬ್ಲಾಕ್ ಎಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ಎರಕದ ಕಬ್ಬಿಣದ ಗೂಡು. ಅದನ್ನು ಎಂಜಿನ್ನಿಗೆ ಬಿಗಿಯುವ ಬುಡದ ಕಿವಿ ಒಡೆದು, ಬಿರುಕು ಮೇಲಕ್ಕೆ ಹೊರಟಿತ್ತು.

"ಬ್ಲಾಕ್ ಹೊಸತು ಸಿಗ್ತದೆ ಗೌಡ್ರೇ, ತರಿಸುವ" ಎಂದೆ ನಾನು.

"ನಿಮ್ಮ ಹಲ್ಲು ಹೋದ್ರೆ ಹೊಸತು ತರಿಸ್ತೀರಾ?"

"ತರಿಸಿದ್ದೇನೆ. ಎರಡು ಉಂಟು ಬಾಯಲ್ಲಿ."

"ಅದಕ್ಕೇ ನೀವು ಮಾತಾಡುವಾಗ ನಡುನಡುವೆ ಬೇರೆ ಯಾರೋ ಮಾತಾಡಿದ ಹಾಗೆ ಕೇಳುದು."

ಬೆಸುಗೆಯ ದಿನ ಪುತ್ತೂರಿನಿಂದ ಅಲಿ ಕುಂಞಿ ತನ್ನ ಓಮ್ನಿಯಲ್ಲಿ ಗ್ಯಾಸಿನ ಸಾಮಾನು ಹೇರಿಕೊಂಡು ಬಂದ. ಅವನದು ಅಲ್ಲಿ ಲೇಥ್ ಮತ್ತು ವೆಲ್ಡಿಂಗಿನ ಅಂಗಡಿ. ದೊಡ್ಡ ದೇಹದ, ದೊಡ್ಡ ಸ್ವರದ ಮನುಷ್ಯ. ಗೌಡರ ಜೊತೆ ಜಗಳವಾಡುವುದಕ್ಕೆಂದೇ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದವನು. ನಾನು ಸುಮ್ಮನೆ ನೋಡಲು ಹೋದವನು.

ತೆಂಗಿನ ಗೆರಟೆಯ ಇದ್ದಿಲ ಕೆಂಡದಲ್ಲಿ ಬ್ಲಾಕನ್ನು ಮಂದ ಕೆಂಪಾಗುವವರೆಗೆ ಕಾಯಿಸಿದರು. ಬಿಳಿಗಾರದ ಪುಡಿ ಉದುರಿಸಿ, ಹಿತ್ತಾಳೆಯ ಕಡ್ಡಿ ಕರಗಿಸಿ ಬಿರುಕಿಗೆ ಕುಡಿಸಿದರು. ಆಮೇಲೆ ಇಕ್ಕಳದಲ್ಲಿ ಎತ್ತಿ, ಶೆಡ್ಡಿನ ಮಣ್ಣಿನ ನೆಲದಲ್ಲಿ ತೋಡಿಟ್ಟ ಗುಂಡಿಯೊಳಗೆ ಇಳಿಸಿ, ಸೋಸಿದ ಅಡಕೆ ಸಿಪ್ಪೆಯ ಬೂದಿಯನ್ನು ಮೇಲಿನಿಂದ ಸುರಿದು ಮುಚ್ಚಿದರು. ಎರಕದ ಕಬ್ಬಿಣ ಬಹಳ ಮೆಲ್ಲಗೆ ತಣಿಯಬೇಕು. ಗಾಳಿಗೆ ಬೇಗ ತಣಿದರೆ 'ಟಿಣ್' ಎಂದು ಒಡೆಯುತ್ತದೆ, ಮತ್ತೆ ಯಾವ ಬೆಸುಗೆಯೂ ಹಿಡಿಯುವುದಿಲ್ಲ.

"ನಾಳೆ ಸಂಜೆವರೆಗೆ ಯಾರೂ ಮುಟ್ಟುದು ಬೇಡ" ಎಂದು ಗೌಡರು ಸ್ಕ್ರೂಡ್ರೈವರನ್ನು ಬೂದಿಯೊಳಗೆ ಊರಿ, ಬಗ್ಗಿ ಕಿವಿ ಕೊಟ್ಟರು. ಒಡೆಯುವ ಶಬ್ದ ಬಂದರೆ ಕೇಳುವುದಕ್ಕೆ. ನಾವಿಬ್ಬರೂ ಮಾತು ನಿಲ್ಲಿಸಿದೆವು. ಹೊರಗೆ ಮಧ್ಯಾಹ್ನದ ಬಿಸಿಲು. ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು ತಲೆ ಎತ್ತಿದರು.

"ಕೇಳಿತಾ?"

"ಎಂತ?" ಎಂದ ಅಲಿ ಕುಂಞಿ.

"ಟಿಣ್ ಅಂತ."

ನಮಗೆ ಕೇಳಿರಲಿಲ್ಲ. "ಒಡೆದ್ರೆ ಒಡೀಲಿ, ತೆಗೆದು ನೋಡುವ" ಎಂದು ಅಲಿ ಕುಂಞಿ ಎದ್ದ.

"ಕೂರು ಮಾರಾಯ. ಈಗ ತೆಗೆದ್ರೆ ಒಡೆಯದ್ದೂ ಒಡೀತದೆ." ಗೌಡರು ಮತ್ತೊಮ್ಮೆ ಕಿವಿ ಕೊಟ್ಟರು. ಸ್ಕ್ರೂಡ್ರೈವರನ್ನು ಎಳೆದು ಅದರ ತುದಿ ನೋಡಿದರು. "ಇದರದ್ದಲ್ಲ ಅಂತ ಕಾಣ್ತದೆ" ಎಂದರು.

ಮತ್ತೆ ಯಾವುದರದ್ದು ಎಂದು ನಾವು ಕೇಳಲಿಲ್ಲ. ಸಂಜೆ ಪುತ್ತೂರಿಗೆ ಹೊರಟೆವು. ಮರುದಿನ ಮಧ್ಯಾಹ್ನ ಮಗಳು ಭವಿತಾ ಸುಳ್ಯದಿಂದ ಫೋನ್ ಮಾಡಿದಳು. ಹೃದಯ ನಿಂತದ್ದು ಎಂದರು ಡಾಕ್ಟರು.

*

ಆ ಮನೆಯಲ್ಲಿ ಒಂದು ಕ್ರಮ ಉಂಟು. ಸಾವಾದ ಮೇಲೆ ಸೂತಕ ಕಳೆಯುವವರೆಗೆ ಬೂದಿ ಹೊರಗೆ ಹೋಗಬಾರದು, ಅದನ್ನು ಕೆದಕಲೂ ಬಾರದು. ಅಡಿಗೆಯ ಒಲೆಯದ್ದಾಗಲಿ ಬಚ್ಚಲಿನ ಒಲೆಯದ್ದಾಗಲಿ, ಬೂದಿ ಇದ್ದಲ್ಲೇ ಇರಬೇಕು. ಗೌಡರನ್ನು ತೋಟದ ಕೆಳಗೆ ಮಾವಿನ ಕಟ್ಟಿಗೆಯಲ್ಲಿ ಸುಟ್ಟರು. ಶೆಡ್ಡಿನ ಗುಂಡಿಯನ್ನು ಯಾರೂ ಕೆದಕಲಿಲ್ಲ. ಬ್ಲಾಕ್ ಒಳಗೇ ಉಳಿಯಿತು.

ನಾನು ಮತ್ತೆ ಹೋದಾಗ ದೇವಮ್ಮಕ್ಕ ಜಗಲಿಯ ಮೂಲೆಯಲ್ಲಿ ಕೂತಿದ್ದರು. ಅತ್ತಿರಲಿಲ್ಲ. ಯಾವುದನ್ನೋ ಲೆಕ್ಕ ಹಾಕುವವರ ಹಾಗೆ ಅಂಗಳವನ್ನೇ ನೋಡುತ್ತಿದ್ದರು.

"ಭಟ್ರೇ, ಅವ್ರು ಒಳಗೆ ಬರ್ತಾರಾ?" ಎಂದು ಕೇಳಿದರು.

ಅವರ ಮಾತು ನನಗೆ ಅರ್ಥವಾಯಿತು. ಸೂತಕ ಕಳೆಯುವ ದಿನ ಸತ್ತವರನ್ನು ಹೆಸರು ಹಿಡಿದು ಕರೆದು ಮನೆಯೊಳಗೆ ತಂದು, ಎಲೆ ಹಾಕಿ ಬಡಿಸಿ, ಕಾರ್ಣರ ಸಾಲಿಗೆ, ಅಂದರೆ ಹೋದ ಹಿರಿಯರ ಸಾಲಿಗೆ ಸೇರಿಸುತ್ತಾರೆ. ಬಂದವರು ಮನೆಯವರಾಗಿ ಉಳಿಯುತ್ತಾರೆ. ಬಾರದವರು ಹೊರಗೆ ಉಳಿಯುತ್ತಾರೆ. ಅವರಿಗೆ ಯಾವತ್ತೂ ನೆಲೆ ಇಲ್ಲ.

"ಕರೆದ್ರೆ ಬಾರದೆ ಎಂತ?" ಎಂದೆ.

"ನಿಮಗೆ ಗೊತ್ತಿಲ್ವಾ ಅವ್ರನ್ನು! ಗಾಡಿ ಬಿಚ್ಚಿ ಹಾಕಿದ್ದಾಗ ಯಾವತ್ತಾದ್ರೂ ಊಟಕ್ಕೆ ಕರೆದಾಗ ಬಂದದ್ದುಂಟಾ? 'ಇದೊಂದು ಕೂರಿಸಿ ಬರ್ತೇನೆ' ಹೇಳುದು. ಕೂರಿಸಿ ಸ್ಟಾರ್ಟ್ ಆಗದೆ ಒಳಗೆ ಬಂದವರಲ್ಲ. ನಾನು ಮೂವತ್ತು ವರ್ಷ ಆರಿದ ಅನ್ನ ಉಂಡಿದ್ದೇನೆ. ಈಗ ಹೊಸ್ತಿಲಿನ ಹೊರಗೆ ಹೋಗಿದ್ದಾರೆ, ಕೆಲಸ ಕೈಯಲ್ಲಿ ಉಂಟು. ಕರೆದ್ರೆ ಬರ್ತಾರಾ ಹೇಳಿ?"

ನನಗೆ ನಗು ಬಂತು.

"ಶೆಡ್ಡಿಗೆ ಹೋಗಿ ನೋಡಿ" ಎಂದರು ಅವರು. "ಪಿಸ್ಟನ್ ಎಲ್ಲಿ ಉಂಟು ಅಂತ ನೋಡಿ ಬನ್ನಿ."

ಬುಲೆಟ್ ಸ್ಟ್ಯಾಂಡಿನ ಮೇಲೆ ಇದ್ದಲ್ಲೇ ಇತ್ತು. ಬ್ಲಾಕ್ ಇಲ್ಲದ್ದರಿಂದ ಎಂಜಿನ್ನಿನ ಬಾಯಿ ತೆರೆದಿತ್ತು. ಕಸ ಬೀಳದ ಹಾಗೆ ಅದಕ್ಕೆ ಗೌಡರು ಹೆಗಲಿಗೆ ಹಾಕುವ ತಮ್ಮ ಹಳೆಯ ಬೈರಾಸನ್ನು ತುರುಕಿದ್ದರು. ಅದರ ನಡುವಿನಿಂದ ಪಿಸ್ಟನ್ ತಲೆ ಹೊರಗೆ ಹಾಕಿತ್ತು. ಕೆಳಗೆ, ಬೈರಾಸಿಗೆ ತಾಗುವಷ್ಟು ಕೆಳಗೆ ಇತ್ತು. ಬಂದು ಹೇಳಿದೆ.

"ನಿನ್ನೆ ಬೆಳಗ್ಗೆ ಮೇಲೆ ಇತ್ತು" ಎಂದರು ದೇವಮ್ಮಕ್ಕ. "ಭವಿತಾ ನೋಡಿದ್ದಾಳೆ."

ಭವಿತಾ ಹೌದೆಂದು ತಲೆಯಾಡಿಸಿದಳು. ಅವಳು ಸುಳ್ಯದ ಸಹಕಾರಿ ಸಂಘದಲ್ಲಿ ಕೆಲಸ ಮಾಡುವವಳು, ಇಲ್ಲಸಲ್ಲದ್ದು ಹೇಳುವವಳಲ್ಲ. "ದಿನಾ ಮಧ್ಯಾಹ್ನ ಕಿಕ್ಕರ್ ಒತ್ತುವ ಶಬ್ದ ಕೇಳ್ತದೆ ಮಾಮ. ಜೋರಾಗಿ ಒದ್ದದ್ದಲ್ಲ. ಕಾಲಿಟ್ಟು ಮೆಲ್ಲ ಒತ್ತಿದ ಹಾಗೆ."

ಬ್ಲಾಕ್ ಇಲ್ಲದ ಗಾಡಿಯ ಕಿಕ್ಕರ್ ಒತ್ತಿದರೆ ಪಿಸ್ಟನ್ ಏರಿ ಇಳಿಯುತ್ತದೆ, ಅಷ್ಟೇ. ಹಿಡಿಯಲು ಏನೂ ಇರುವುದಿಲ್ಲ. ಇಲಿ ಇರಬಹುದು ಎಂದೆ. ಮಕ್ಕಳು ಬಂದು ಆಡಿರಬಹುದು ಎಂದೆ. ಆ ಮನೆಗೆ ಆಗ ಬಂದುಹೋಗುವ ಮಕ್ಕಳು ಯಾರೂ ಇರಲಿಲ್ಲ. ಇಲಿ ಅಷ್ಟು ಭಾರದ ಪಿಸ್ಟನ್ನನ್ನು ಎತ್ತುವುದಿಲ್ಲ.

ಆ ದಿನ ನಾನು ಮಧ್ಯಾಹ್ನದವರೆಗೆ ನಿಂತೆ. ಅನ್ನದ ಗಂಜಿ ಬಸಿಯುವ ಹೊತ್ತಿಗೆ ಶೆಡ್ಡಿನ ಕಡೆಯಿಂದ ಅದು ಕೇಳಿತು. ಹಲ್ಲಿನ ಚಕ್ರಕ್ಕೆ ಹಲ್ಲು ಕೂತು ಜಾರಿದಂಥ ಒಂದು 'ಕಟಕ್'. ದೇವಮ್ಮಕ್ಕ ಸೌಟನ್ನು ಹಾಗೇ ಹಿಡಿದು ನಿಂತರು. ನಾನು ಅಂಗಳ ದಾಟಿ ಓಡಿದೆ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಹೆಂಚಿನ ಸಂದಿನಿಂದ ಬಿದ್ದ ಬಿಸಿಲಿನ ಕೋಲು ಬೂದಿಗುಂಡಿಯ ಮೇಲೆ ನಿಂತಿತ್ತು. ಪಿಸ್ಟನ್ ಮೇಲೆ ಇತ್ತು.

ನಾನು ಅದರ ತಲೆಯನ್ನು ಬೆರಳಿನಿಂದ ಮುಟ್ಟಿದೆ. ಎಣ್ಣೆ ಹಚ್ಚಿದ್ದ ಅಲ್ಯೂಮಿನಿಯಂ, ತಣ್ಣಗಿತ್ತು. "ಗೌಡ್ರೇ" ಎಂದೆ. ಯಾಕೆ ಹಾಗೆ ಕರೆದೆ ಎಂದು ಗೊತ್ತಿಲ್ಲ. ಕರೆದ ಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ.

ದೇವಮ್ಮಕ್ಕ ಬಾಗಿಲಲ್ಲೇ ಇದ್ದರು. "ಬ್ಲಾಕ್ ಕೂರಿಸ್ಬೇಕು ಭಟ್ರೇ. ಕರೆಯುವ ದಿನ ಗಾಡಿ ಸ್ಟಾರ್ಟ್ ಆಗ್ಬೇಕು. ಇಲ್ಲದಿದ್ರೆ ಇವ್ರು ಬರುದಿಲ್ಲ. ನನ್ನ ಕಾಲದವರೆಗೂ ಹೀಗೇ ಕಟಕ್ ಕಟಕ್ ಅಂತ ಅಂಗಳದ ಆಚೆ ಇರ್ತಾರೆ. ನನಗೆ ಆಗ್ಲಿಕ್ಕಿಲ್ಲ."

*

ಸೂತಕ ಕಳೆಯುವ ಬೆಳಗ್ಗೆ ಮನೆಯವರು ಮಿಂದು, ತೀರ್ಥ ಚಿಮುಕಿಸಿ ಶುದ್ಧ ಮಾಡಿದ ಮೇಲಷ್ಟೇ ಬೂದಿ ಮುಟ್ಟಬಹುದು. ಹೊತ್ತು ಮುಳುಗುವ ಮೊದಲು ಕರೆಯುವ ಶಾಸ್ತ್ರ. ನಡುವೆ ಸಿಗುವ ಹಗಲಿನಲ್ಲೇ ಬ್ಲಾಕ್ ತೆಗೆದು, ಕೂರಿಸಿ, ಗಾಡಿ ಎಬ್ಬಿಸಬೇಕು. ಪುತ್ತೂರಿಗೆ ಒಯ್ದು ಬೋರ್ ಮಾಡಿಸಿ, ಅಂದರೆ ಒಳಗನ್ನು ಯಂತ್ರದಲ್ಲಿ ಕೊರೆಸಿ ನಯ ಮಾಡಿಸಿ ತರಲು ಸಮಯವಿಲ್ಲ. ಅಲಿ ಕುಂಞಿ ಗ್ಯಾಸ್ಕೆಟ್, ರಿಂಗು, ಉಜ್ಜುವ ಕಲ್ಲು ಎಲ್ಲ ಓಮ್ನಿಯಲ್ಲಿ ತಂದಿದ್ದ.

"ಬ್ಲಾಕ್ ಒಡೆದಿದ್ರೆ?" ಎಂದೆ ನಾನು.

"ಒಡೆದಿದ್ರೆ ನಾನು ಓಮ್ನಿ ಸ್ಟಾರ್ಟ್ ಮಾಡಿ ನಿಲ್ಲಿಸ್ತೇನೆ. ಗೌಡ್ರು ಅದರ ಶಬ್ದ ಕೇಳಿ ಬೈಲಿಕ್ಕಾದ್ರೂ ಬರ್ತಾರೆ" ಎಂದ. ನಗಿಸಲು ನೋಡಿದ. ಅವನಿಗೇ ನಗು ಬರಲಿಲ್ಲ.

ಗುಂಡಿಯ ಮೇಲೆ ಬೂದಿ ಮೊದಲಿಗಿಂತ ಎತ್ತರವಾಗಿತ್ತು. ಯಾರು ಹಾಕಿದ್ದು ಎಂದು ಕೇಳಿದಾಗ ದೇವಮ್ಮಕ್ಕ ತಾವೇ ಎಂದರು. ಬಚ್ಚಲಿನ ಒಲೆಯಲ್ಲಿ ಬೂದಿ ತುಂಬಿ ಬೆಂಕಿ ಹಿಡಿಯದಾದಾಗ, ಕ್ರಮ ಮೀರಿ ತೆಗೆದರೂ ಹೊರಗೆ ಎಸೆಯುವ ಹಾಗಿಲ್ಲವಲ್ಲ ಎಂದು, ಬೂದಿಯ ಜಾಗ ಬೂದಿಗೇ ಸರಿ ಎಂದು ತಂದು ಇದರ ಮೇಲೆ ಸುರಿದಿದ್ದರು. ಕೆಂಡ ಸಮೇತ.

"ಅಲ್ಲ ಅಕ್ಕ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದೀರಿ ಇದನ್ನು!" ಎಂದ ಅಲಿ ಕುಂಞಿ. "ತಣೀಲಿಕ್ಕೆ ಇಟ್ಟದ್ದಕ್ಕೆ ಬೆಂಕಿ ಹಾಕುದಾ?"

"ನನಗೆಂತ ಗೊತ್ತು? ಕೆಂಡ ಇದ್ದದ್ದು ಮೊದಲ ದಿನಗಳಲ್ಲಿ. ಆಮೇಲೆ ಬಚ್ಚಲಿಗೆ ಬೆಂಕಿಯೇ ಹಾಕ್ಲಿಲ್ಲ, ಬೇಸಗೆ ಅಲ್ವಾ, ತಣ್ಣೀರೇ ಮಿಂದದ್ದು."

ಅಲಿ ಕುಂಞಿ ಸಲಿಕೆಯಿಂದ ಮೇಲಿನ ಬೂದಿ ಸರಿಸಿದ. ತಣ್ಣಗಿತ್ತು. ಇನ್ನಷ್ಟು ಸರಿಸಿದ. ಅದೂ ತಣ್ಣಗೆ, ಒಂದು ಕೆಂಡದ ಚೂರೂ ಇಲ್ಲ. ಕೊನೆಗೆ ಎರಡೂ ಕೈ ಹಾಕಿ ಬ್ಲಾಕನ್ನು ಹಿಡಿದವನು ತಟ್ಟನೆ ಬಿಟ್ಟ. ಅಂಗೈಯನ್ನು ನೋಡಿಕೊಂಡ. ನಾನೂ ಬಗ್ಗಿ ಮುಟ್ಟಿದೆ. ಸುಡುವಷ್ಟಲ್ಲ. ಜ್ವರ ಬಂದವರ ಹಣೆಯಷ್ಟು ಬಿಸಿ.

"ಅಡಕೆ ಸಿಪ್ಪೆಯ ಕಾವು ವಾರಗಟ್ಟಲೆ ಇರ್ತದೆ" ಎಂದ ಅಲಿ ಕುಂಞಿ. ನನ್ನ ಮುಖ ನೋಡದೆ ಹೇಳಿದ. ಗೋಣಿ ಸುತ್ತಿ ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು ತಿರುಗಿಸಿದ. ಹಿತ್ತಾಳೆಯ ಗೆರೆ ಬಿರುಕಿನ ಉದ್ದಕ್ಕೂ ಕೂದಲೆಳೆಯಷ್ಟೂ ತಪ್ಪದೆ ಕೂತಿತ್ತು. ಎಲ್ಲಿಯೂ ಒಡೆದಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದ. ಗಂಟೆಯ ಹಾಗೆ ಶುದ್ಧವಾದ ಸ್ವರ ಬಂತು.

"ನನ್ನ ಅಂಗಡಿಯಲ್ಲಿ ಮಾಡಿದ್ರೂ ಇಷ್ಟು ಚಂದ ಬರ್ತಿರ್ಲಿಲ್ಲ" ಎಂದ. ಆಗ ಅವನ ಸ್ವರ ಮೊದಲ ಸಲ ಒಡೆಯಿತು.

ಕೂರಿಸುವ ಕೆಲಸ ಮಧ್ಯಾಹ್ನ ದಾಟಿ ನಡೆಯಿತು. ಕಲ್ಲಿನಿಂದ ಒಳಗನ್ನು ಉಜ್ಜಿದ, ರಿಂಗು ಹಾಕಿದ, ಕಾಗದದ ಗ್ಯಾಸ್ಕೆಟ್ ಕತ್ತರಿಸಿದ. ನಾನು ಬೋಲ್ಟು, ನಟ್ಟು ತೊಳೆದುಕೊಟ್ಟೆ. ಅತ್ತ ಅಡಿಗೆಮನೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಗೌಡರಿಗೆ ಪ್ರೀತಿಯ ಒಣಮೀನಿನ ಚಟ್ನಿಯ ವಾಸನೆ ಅಂಗಳದವರೆಗೆ ಬಂತು. ನಾನು ಅದನ್ನು ತಿನ್ನುವವನಲ್ಲ. ಆ ವಾಸನೆಗೆ ಮೂಗು ಮುಚ್ಚುತ್ತಿದ್ದಾಗಲೆಲ್ಲ ಗೌಡರು ತಟ್ಟೆಯನ್ನು ನನ್ನ ಹತ್ತಿರಕ್ಕೆ ಸರಿಸುತ್ತಿದ್ದರು. ಅವತ್ತು ಮೂಗು ಮುಚ್ಚಲಿಲ್ಲ.

ಗಾಡಿ ಸ್ಟಾರ್ಟ್ ಆಗಲಿಲ್ಲ. ಅಲಿ ಕುಂಞಿ ಒದ್ದ, ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಒದ್ದ. ಅಂಗಿ ಕಳಚಿ ಬನಿಯನ್ನಿನಲ್ಲಿ ಒದ್ದ. ಬಿಸಿಲು ಅಂಗಳದ ಅಂಚಿಗೆ ಸರಿಯಿತು. ಕುಟುಂಬದ ಹಿರಿಯರಾದ ತ್ಯಾಂಪಣ್ಣಜ್ಜ ಜಗಲಿಯಿಂದ ಕೂಗಿದರು. "ಹೊತ್ತಾಯ್ತು ಮಕ್ಕಳೇ. ಗಾಡಿಗೆ ಕಾಯ್ಲಿಕ್ಕೆ ಆಗುದಿಲ್ಲ. ಕರೆಯುದು ಕರೆಯುವ, ಬರುದು ಬಿಡುದು ಅವನಿಗೆ ಬಿಟ್ಟದ್ದು."

ಆಗ ದೇವಮ್ಮಕ್ಕ ಕೈ ಒರೆಸುತ್ತ ಶೆಡ್ಡಿಗೆ ಬಂದರು.

"ಹೀಗಲ್ಲ ಅವ್ರು ಮಾಡುದು. ನಾನು ಒಳಗಿಂದ ದಿನಾ ಕೇಳ್ತಿದ್ದೆ. ಮೊದಲು ಫುಸ್ಸ್ ಅಂತ ಗಾಳಿ ಬಿಡುದು. ಆಮೇಲೆ ಒಂದು ಬೈಗುಳ. ಆಮೇಲೆ ಒದೆಯುದು."

"ಗಾಳಿ ಬಿಟ್ಟೆ ಅಕ್ಕ, ಹತ್ತು ಸಲ ಬಿಟ್ಟೆ."

"ಬೈದ್ಯಾ?"

ಅಲಿ ಕುಂಞಿ ನನ್ನನ್ನು ನೋಡಿದ. ಜಗಲಿಯ ತುಂಬ ನೆಂಟರಿದ್ದರು. ಅವನು ಹ್ಯಾಂಡಲಿನ ಲಿವರ್ ಎಳೆದು ಎಂಜಿನ್ನಿನೊಳಗೆ ಅದುಮಿದ ಗಾಳಿ ಬಿಟ್ಟ. ಬಾಯಿ ತೆರೆಯುವ ಮೊದಲೇ ದೇವಮ್ಮಕ್ಕ, ತಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಇಲ್ಲಿ ಬರೆಯಲಾಗದ ಒಂದು ಮಾತನ್ನು ಗಾಡಿಗೆ ಹೇಳಿದರು. ಅದು ಗೌಡರದೇ ಮಾತು. ಎಳೆದು ಎಳೆದು, ಕೊನೆಗೆ ಪ್ರೀತಿಯಲ್ಲಿ ಮುಗಿಯುವ ಅವರದೇ ರಾಗ. ಸ್ವರ ದೇವಮ್ಮಕ್ಕನದೇ ಇರಬೇಕು. ಜಗಲಿಯಲ್ಲಿದ್ದ ನೆಂಟರು ಎದ್ದು ನಿಂತರು.

ಅಲಿ ಕುಂಞಿ ಒದ್ದ. ಬುಲೆಟ್ ಒಂದೇ ಒದೆಗೆ ಎದ್ದಿತು.

ಡುಗ್, ಡುಗ್, ಡುಗ್. ಮೂವತ್ತು ವರ್ಷ ಕೇಳಿದ ಶಬ್ದ. ಅದು ಕೇಳಿದಾಗಲೆಲ್ಲ ನಾನು ಬಾಗಿಲಿಗೆ ಬರುತ್ತಿದ್ದೆ, ಗೌಡರು ಬಂದರು ಎಂದು. ಅಲ್ಲಿ ನಿಂತೂ ನಾನು ಗೇಟಿನ ಕಡೆ ತಿರುಗಿ ನೋಡಿದೆ.

ಎಂಜಿನ್ ಓಡುತ್ತಿದ್ದಂತೆಯೇ ಮನೆಯವರು ಅಂಗಳಕ್ಕಿಳಿದು ಅವರ ಹೆಸರು ಹಿಡಿದು ಕರೆದರು. ದೇವಮ್ಮಕ್ಕ ದೀಪ ಹಿಡಿದು ಮುಂದೆ, ಉಳಿದವರು ಹಿಂದೆ ಒಳಗೆ ಹೋದರು. ಎಲೆ ಹಾಕಿ ಬಡಿಸಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಉಣ್ಣುವಾಗ ಯಾರೂ ನೋಡಬಾರದು. ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಶೆಡ್ಡಿನ ಬಾಗಿಲಲ್ಲಿ ನಾವಿಬ್ಬರೂ ಹಾಗೇ ನಿಂತೆವು. ನನ್ನ ಹಿಂದೆ ಮುಚ್ಚಿದ ಮನೆ, ಮುಂದೆ ಸವಾರನಿಲ್ಲದೆ ಓಡುವ ಎಂಜಿನ್. ಎಷ್ಟು ಹೊತ್ತು ಎಂದು ಹೇಳಲಾರೆ.

ಬಾಗಿಲು ತಟ್ಟಿ, ಕೆಮ್ಮಿ, ದೇವಮ್ಮಕ್ಕ ಮೊದಲು ಒಳಗೆ ಹೋದರು. ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು.

"ಬಂದಿದ್ದಾರೆ" ಎಂದರು. "ಚಟ್ನಿ ಮುಟ್ಟಿದ್ದಾರೆ." ಆಗ ಜಗಲಿಯ ಕಂಬ ಹಿಡಿದು ಕೂತು ಅತ್ತರು. ಅಷ್ಟು ದಿನದ್ದೆಲ್ಲ ಅತ್ತರು. ಭವಿತಾ ಅವರ ಬೆನ್ನು ಸವರುತ್ತ ಕೂತಳು.

ಅಲಿ ಕುಂಞಿ ಎಂಜಿನ್ ನಿಲ್ಲಿಸಿದ. ತ್ಯಾಂಪಣ್ಣಜ್ಜ ನಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಬಂದವ ಒಳಗೆ ಕೂರ್ಬೇಕು. ಈ ಶಬ್ದ ಅಂಗಳದಲ್ಲಿ ಇದ್ರೆ ಕೂರುದಿಲ್ಲ. ಗಾಡಿಯನ್ನು ಇವತ್ತೇ ಕೊಂಡುಹೋಗಿ. ಮತ್ತೆ ಈ ಗೇಟು ದಾಟುದು ಬೇಡ." ದೇವಮ್ಮಕ್ಕನೂ ಒಪ್ಪಿದರು. ಅಲಿ ಕುಂಞಿಯ ಅಂಗಡಿಯಲ್ಲಿ ಇರಲಿ ಎಂದಾಯಿತು. ಅವನು ಬುಲೆಟ್ ತರುವುದು, ನಾನು ಅವನ ಓಮ್ನಿಯಲ್ಲಿ ಹಿಂದೆ ಬರುವುದು.

*

ಬೆಳಕು ಇನ್ನೂ ಇತ್ತು. ನಿಂತಿಕಲ್ಲು ಊರಿನ ಮೂಲಕ ಹೋದರೆ ಪುತ್ತೂರು ಹತ್ತಿರ. ಅಲಿ ಕುಂಞಿ ಕಡಬದ ರಸ್ತೆ ಹಿಡಿದ. ಹಾರ್ನ್ ಹಾಕಿದೆ, ಅವನು ತಿರುಗಲಿಲ್ಲ. ಸರಿ, ಗೌಡರು ಕೆಲಸಕ್ಕೆ ಹೋಗುತ್ತಿದ್ದ ದಾರಿಯಲ್ಲಿ ಒಮ್ಮೆ ಓಡಿಸುವ ಆಸೆ ಇರಬೇಕು ಎಂದುಕೊಂಡು ಹಿಂಬಾಲಿಸಿದೆ.

ಕಡಬ ದಾಟಿದ ಮೇಲೆ ನನಗೆ ಅವನು ಕೂತ ರೀತಿ ವಿಚಿತ್ರವಾಗಿ ಕಂಡಿತು. ಆ ಗಾಡಿಗೆ ಒಂದೇ ಉದ್ದದ ಸೀಟು. ಅಲಿ ಕುಂಞಿಯಂಥ ದೇಹದವನು ಹಿಂದಕ್ಕೆ ಸರಿದು, ಕೈ ಚಾಚಿ ಕೂರಬೇಕು. ಅವನು ಪೆಟ್ರೋಲ್ ಟ್ಯಾಂಕಿಗೆ ಹೊಟ್ಟೆ ಒತ್ತಿಕೊಂಡು, ಮೊಣಕೈ ಮಡಚಿ, ಮುಂದಕ್ಕೆ ಮುದುಡಿ ಕೂತಿದ್ದ. ಸೀಟಿನ ಹಿಂದಿನ ಅರ್ಧ ಖಾಲಿ. ಗುಂಡಿ ಬಂದಲ್ಲಿ ಗಾಡಿಯ ಹಿಂಭಾಗ ಹಾರುತ್ತಿರಲಿಲ್ಲ. ಒಬ್ಬನೇ ಕೂತ ಬುಲೆಟ್ ಹಾರುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ. ಇದು ಭಾರದಿಂದ ಕುಗ್ಗಿ ಏಳುತ್ತಿತ್ತು.

ಕೊಯಿಲದಲ್ಲಿ, ಜಾನುವಾರು ಕ್ಷೇತ್ರದ ಬಳಿ, ಅವನು ಗಾಡಿ ನಿಧಾನ ಮಾಡಿದ. ನಿಲ್ಲಿಸಲಿಲ್ಲ. ಬೇಲಿಯಾಚೆ ಮೇಯುತ್ತಿದ್ದ ಹಸುಗಳು ತಲೆ ಎತ್ತಿ ನೋಡಿದವು. ಹಾದುಹೋದ ಮೇಲೂ ಅವು ರಸ್ತೆಯನ್ನೇ ನೋಡುತ್ತಿದ್ದದ್ದು ನನಗೆ ಕನ್ನಡಿಯಲ್ಲಿ ಕಂಡಿತು. ನಾನು ದೀಪ ಹಾಕಿದೆ. ಬೆಳಕು ಅಲಿ ಕುಂಞಿಯ ಬೆನ್ನಿಗೆ ಸರಿಯಾಗಿ ಬೀಳಲಿಲ್ಲ.

ಪುತ್ತೂರಿನ ಅಂಗಡಿಯ ಎದುರು ಅವನು ಇಳಿದಾಗ ಬನಿಯನ್ ಬೆವರಿನಿಂದ ಅಂಟಿತ್ತು. ಹೊಟ್ಟೆಯ ಮೇಲೆ ಟ್ಯಾಂಕಿನ ಅಂಚಿನ ಗುರುತು ಎದ್ದಿತ್ತು.

"ಯಾಕೆ ಮಾರಾಯ, ಅಷ್ಟು ಮುಂದೆ ಕೂತದ್ದು?" ಎಂದು ಕೇಳಿದೆ.

ಅವನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ. ಕೈ ಒರೆಸಿಕೊಂಡ.

"ಎಂತ ಮಾಡುದು ಭಟ್ರೇ. ಹಿಂದೆ ಜಾಗ ಇರ್ಲಿಲ್ಲ."

ನಾನು ಸೀಟಿನ ಕಡೆ ನೋಡಿದೆ.

"ಊಟ ಆಗಿತ್ತಲ್ಲ" ಎಂದ. "ಒಳ್ಳೆ ಭಾರ ಇತ್ತು."

ಆಗಲೇ ನನ್ನ ಫೋನ್ ರಿಂಗಾಯಿತು. ದೇವಮ್ಮಕ್ಕ. ಸರಿಯಾಗಿ ಮುಟ್ಟಿದಿರಾ ಎಂದು ಕೇಳಿದರು. ಮುಟ್ಟಿದೆವು ಎಂದೆ. ಅವರ ಸ್ವರದಲ್ಲಿ ದಣಿವಿತ್ತು. ಕೆಲಸವೆಲ್ಲ ಮುಗಿಸಿ ಕಾಲು ಚಾಚಿದವರ ದಣಿವು.

"ಮನೆ ಎಷ್ಟು ಹಗುರ ಆಯ್ತು ಗೊತ್ತುಂಟಾ ಭಟ್ರೇ. ಒಂದು ಶಬ್ದ ಇಲ್ಲ. ಇವತ್ತು ನಿದ್ದೆ ಬರಬಹುದು." ಆಮೇಲೆ, "ಇನ್ನು ಅವ್ರು ಒಳಗೇ ಅಲ್ವಾ?" ಎಂದರು.

ಅಲಿ ಕುಂಞಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಬುಲೆಟ್ಟಿನ ಎಂಜಿನ್ ಇನ್ನೂ ಬಿಸಿಯಾಗಿತ್ತು. ಕಬ್ಬಿಣ ತಣಿಯುವ ಸಣ್ಣ ಸಣ್ಣ ಶಬ್ದ ಬರುತ್ತಿತ್ತು. ಸೀಟಿನ ಹಿಂಭಾಗ ಇನ್ನೂ ತಗ್ಗಿತ್ತು, ಮೆಲ್ಲಮೆಲ್ಲಗೆ ಮೇಲೇಳುತ್ತಿತ್ತು.

"ಹೌದು ದೇವಮ್ಮಕ್ಕ" ಎಂದೆ. "ಒಳಗೇ ಇದ್ದಾರೆ. ನೀವು ಮಲಗಿ."